ಪರದೆಯ ಆಚೆ ಜೊತೆಗಾರ, ಬೇರೆ ಕೋಣೆಯಲ್ಲಿ ತಂಡ: ಚೆನ್ನೈ ವಿಶ್ವ ಬ್ರಿಡ್ಜ್ ಕೂಟದಲ್ಲಿ ನನ್ನ ಅನುಭವ

2015ರ ಸೆಪ್ಟೆಂಬರ್ 26ರಿಂದ ಅಕ್ಟೋಬರ್ 10ರವರೆಗೆ ಚೆನ್ನೈನ ಗಿಂಡಿಯಲ್ಲಿರುವ ಐಟಿಸಿ ಗ್ರ್ಯಾಂಡ್ ಚೋಳ ಹೋಟೆಲಿನಲ್ಲಿ ಇಸ್ಪೀಟಿನ ಆಟವಾದ ಬ್ರಿಡ್ಜ್‌ನ ವಿಶ್ವ ತಂಡ ಚಾಂಪಿಯನ್‌ಷಿಪ್ ನಡೆಯಿತು. ಅದರ ಮುಖ್ಯ ಸ್ಪರ್ಧೆಯಾದ, 1950ರಲ್ಲಿ ಬರ್ಮುಡಾದಲ್ಲಿ ಆರಂಭವಾದ ಬರ್ಮುಡಾ ಬೌಲ್ ಭಾರತದ ನೆಲಕ್ಕೆ ಬಂದದ್ದು ಅದೇ ಮೊದಲು. ದೇಶದ ತಂಡಕ್ಕೆ ಆಯ್ಕೆಯಾಗುವ ಮಟ್ಟದ ಆಟಗಾರ ನಾನಲ್ಲ. ಆದರೆ ಇದೇ ಕೂಟದ ಎರಡನೆಯ ವಾರದಲ್ಲಿ ಟ್ರಾನ್ಸ್‌ನ್ಯಾಷನಲ್ ಓಪನ್ ಟೀಮ್ಸ್ ಎಂಬ ಸ್ಪರ್ಧೆಯೊಂದು ನಡೆಯುತ್ತದೆ, ಅದಕ್ಕೆ ಯಾವ ದೇಶದವರು ಯಾರೊಡನೆ ಬೇಕಾದರೂ ತಂಡ ಕಟ್ಟಿಕೊಂಡು ಸೇರಬಹುದು. ಮುಖ್ಯ ಸ್ಪರ್ಧೆಗಳಿಂದ ಹೊರಬಿದ್ದ ರಾಷ್ಟ್ರೀಯ ತಂಡಗಳೂ ಅದಕ್ಕೇ ಬಂದು ಸೇರುವುದರಿಂದ, ಮೈಸೂರಿನ ಕ್ಲಬ್ಬೊಂದರಲ್ಲಿ ವಾರಕ್ಕೆ ಎರಡು ಸಂಜೆ ಆಡುವ ನನ್ನಂಥವನು ಹಿಂದಿನ ದಿನದವರೆಗೆ ತನ್ನ ದೇಶಕ್ಕಾಗಿ ಆಡುತ್ತಿದ್ದವರ ಎದುರು ಕುಳಿತುಕೊಳ್ಳುವ ಅವಕಾಶ ಅಲ್ಲಿ ನಿಜವಾಗಿಯೂ ಇರುತ್ತದೆ. ರೈಲಿನಲ್ಲಿ ಒಂದು ಮಧ್ಯಾಹ್ನದ ದೂರದಲ್ಲಿ ಅಂಥದೊಂದು ಕೂಟ ಮತ್ತೆ ನಡೆಯುತ್ತದೆಂದು ನಂಬುವ ಕಾರಣವೇನೂ ಇರಲಿಲ್ಲ. ಆದ್ದರಿಂದ ಜೂನ್ ತಿಂಗಳಿನಲ್ಲೇ ಹೋಗುವುದೆಂದು ತೀರ್ಮಾನಿಸಿದೆವು.

ತಂಡದಲ್ಲಿ ನಾವು ನಾಲ್ವರು. ನನ್ನ ಜೊತೆಗಾರರು ನಿವೃತ್ತ ಗಣಿತದ ಅಧ್ಯಾಪಕರು. ಹನ್ನೊಂದು ವರ್ಷಗಳಿಂದ ನಾವಿಬ್ಬರೂ ಜೋಡಿ. ಕ್ಲಬ್ಬಿನಲ್ಲಿ ಎಲ್ಲರಿಗೂ ಅವರು ಮೇಷ್ಟ್ರು, ನನಗೂ ಹಾಗೆಯೇ. ಇನ್ನೊಂದು ಜೋಡಿ ಬೆಂಗಳೂರಿನ ದಂಪತಿ. ಆಕೆಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ನಮ್ಮ ನಾಲ್ವರಲ್ಲಿ ಎದುರಾಳಿಯ ಕೈಯಲ್ಲಿರುವ ಎಲೆಗಳನ್ನು ಎಲ್ಲರಿಗಿಂತ ಬೇಗ ಲೆಕ್ಕ ಹಾಕುವವರು ಅವರೇ. ನಿಯಮದ ಪ್ರಕಾರ ತಂಡದಲ್ಲಿ ಆರು ಜನರವರೆಗೆ ಇರಬಹುದಿತ್ತು. ನಾಲ್ವರೇ ಹೋದದ್ದು ತಪ್ಪಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ತಂಡ ಬ್ರಿಡ್ಜ್ ಎಂದರೇನು ಎಂಬುದನ್ನು ಇಸ್ಪೀಟು ಆಡಿ ಗೊತ್ತಿದ್ದು ಬ್ರಿಡ್ಜ್ ಆಡದವರಿಗಾಗಿ ಇಲ್ಲಿ ವಿವರಿಸಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಮೇಜಿನಲ್ಲಿ ನಾಲ್ವರಿಗೆ ತಲಾ ಹದಿಮೂರು ಎಲೆ. ಎದುರುಬದುರು ಕುಳಿತವರು ಜೋಡಿ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಟ್ರಿಕ್. ಆಟಕ್ಕೆ ಮೊದಲು ಸರದಿಯಂತೆ ಬಿಡ್ ಕೂಗಿ, ಯಾವ ಸೂಟ್ ತುರುಫು, ಎಷ್ಟು ಟ್ರಿಕ್ ಹಿಡಿಯುತ್ತೇವೆ ಎಂದು ಪಣ ತೊಡುತ್ತಾರೆ. ಆ ಆಟ ಮುಗಿದ ಮೇಲೆ ಎಲೆಗಳನ್ನು ಕಲಸುವುದಿಲ್ಲ. ನಾಲ್ಕು ಕೈಗಳನ್ನೂ ಬೋರ್ಡ್ ಎಂದು ಕರೆಯುವ ನಾಲ್ಕು ಖಾನೆಗಳ ಪೆಟ್ಟಿಗೆಗೆ ಹಾಗೆಯೇ ಸೇರಿಸಿ, ಅದೇ ಹಂಚಿಕೆಯನ್ನು ಇನ್ನೊಂದು ಕೋಣೆಯ ಮೇಜಿನಲ್ಲೂ ಆಡಿಸುತ್ತಾರೆ. ಒಂದು ಕೋಣೆಯಲ್ಲಿ ನಾನು ಮತ್ತು ಮೇಷ್ಟ್ರು ಉತ್ತರ–ದಕ್ಷಿಣದ ಕೈಗಳನ್ನು ಹಿಡಿದರೆ, ಇನ್ನೊಂದು ಕೋಣೆಯಲ್ಲಿ ಅಕ್ಕ ಮತ್ತು ಅವರ ಯಜಮಾನರು ಅದೇ ಹಂಚಿಕೆಯ ಪೂರ್ವ–ಪಶ್ಚಿಮದ ಕೈಗಳನ್ನು ಹಿಡಿಯುತ್ತಾರೆ. ಹಾಗಾಗಿ ನಮಗೆ ಒಳ್ಳೆಯ ಎಲೆ ಬಂದರೆ ಅದೇ ಒಳ್ಳೆಯ ಎಲೆ ಅಲ್ಲಿ ನಮ್ಮ ಎದುರಾಳಿಗಳಿಗೂ ಬಂದಿರುತ್ತದೆ. ಎಲೆಯ ಅದೃಷ್ಟ ಬಹುಪಾಲು ಅಳಿದುಹೋಗಿ, ಒಂದೇ ಎಲೆಯಿಂದ ಯಾರು ಹೆಚ್ಚು ಪಡೆದರು ಎಂಬುದಷ್ಟೇ ಉಳಿಯುತ್ತದೆ. ಎರಡು ಮೇಜುಗಳ ಅಂಕಗಳ ವ್ಯತ್ಯಾಸವನ್ನು ಒಂದು ಕೋಷ್ಟಕದ ಪ್ರಕಾರ ಇಂಟರ್‌ನ್ಯಾಷನಲ್ ಮ್ಯಾಚ್ ಪಾಯಿಂಟ್‌ಗಳಿಗೆ, ಆಟಗಾರರ ಮಾತಿನಲ್ಲಿ ಇಂಪ್‌ಗಳಿಗೆ, ಇಳಿಸುತ್ತಾರೆ.

ಈ ಕೋಷ್ಟಕ ಆಟದ ಸ್ವಭಾವವನ್ನೇ ಬದಲಾಯಿಸುತ್ತದೆ. ನಮ್ಮ ಕ್ಲಬ್ಬಿನಲ್ಲಿ ನಡೆಯುವುದು ಬಹುಮಟ್ಟಿಗೆ ಜೋಡಿ ಸ್ಪರ್ಧೆ. ಅಲ್ಲಿ ಉಳಿದ ಮೇಜುಗಳವರಿಗಿಂತ ಹತ್ತು ಅಂಕ ಹೆಚ್ಚು ಬಂದರೂ ಅದು ಪೂರ್ತಿ ಗೆಲುವು, ಆದ್ದರಿಂದ ಒಂದೊಂದು ಹೆಚ್ಚುವರಿ ಟ್ರಿಕ್‌ಗೂ ಪ್ರಾಣ ಬಿಟ್ಟು ಆಡುತ್ತೇವೆ. ತಂಡದ ಆಟದಲ್ಲಿ ಹತ್ತು ಅಂಕದ ವ್ಯತ್ಯಾಸಕ್ಕೆ ಸೊನ್ನೆ. ಮೂವತ್ತು ಅಂಕದ ಒಂದು ಹೆಚ್ಚುವರಿ ಟ್ರಿಕ್‌ಗೆ ಒಂದೇ ಒಂದು ಇಂಪ್. ಆದರೆ ವಲ್ನರಬಲ್ ಸ್ಥಿತಿಯಲ್ಲಿ, ಅಂದರೆ ಬಹುಮಾನವೂ ದಂಡವೂ ದೊಡ್ಡದಾಗುವ ಬೋರ್ಡಿನಲ್ಲಿ, ನಾವು 3 ನೋಟ್ರಂಪ್ (ತುರುಫಿಲ್ಲದೆ ಒಂಬತ್ತು ಟ್ರಿಕ್) ಕೂಗಿ ಗೆದ್ದು 600 ಪಡೆದು, ಎದುರಾಳಿಗಳು ಅದೇ ಒಂಬತ್ತು ಟ್ರಿಕ್ ಹಿಡಿದರೂ 2 ನೋಟ್ರಂಪ್‌ಗೇ ನಿಂತು 150 ಪಡೆದಿದ್ದರೆ, 450ರ ವ್ಯತ್ಯಾಸಕ್ಕೆ ಹತ್ತು ಇಂಪ್. ಎಂಟೇ ಟ್ರಿಕ್ ಬಂದು ನಾವು 100 ಕಳೆದುಕೊಂಡು ಅವರು 120 ಪಡೆದರೆ ಹೋಗುವುದು ಆರು ಇಂಪ್. ಗಳಿಕೆ ಹತ್ತು, ನಷ್ಟ ಆರು. ಆದ್ದರಿಂದ ನೂರಕ್ಕೆ ಮೂವತ್ತೆಂಟರಷ್ಟು ಅವಕಾಶವಿದ್ದರೂ ಕೂಗುವುದೇ ಸರಿ. ಮೇಷ್ಟ್ರು ಈ ಲೆಕ್ಕವನ್ನು ನಮ್ಮ ಮನೆಯ ಹಜಾರದಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಆದರೆ ಗೋಡೆಯ ಮೇಲಿನ ಲೆಕ್ಕ ಬೆರಳಿಗೆ ಇಳಿಯುವುದಕ್ಕೆ ನಾಲ್ಕು ತಿಂಗಳು ಸಾಲಲಿಲ್ಲ.

ತಯಾರಿಯಲ್ಲಿ ನಾವು ಮಾಡಿದ ಅತಿ ಉಪಯುಕ್ತ ಕೆಲಸ ಕತ್ತರಿಸುವ ಕೆಲಸ. ನಾವಿಬ್ಬರೂ ಆಡುವುದು ಪ್ರಿಸಿಷನ್ ಎಂಬ ಬಿಡ್ಡಿಂಗ್ ಪದ್ಧತಿ. ಸಿ. ಸಿ. ವೇ ರೂಪಿಸಿದ, 1969ರಲ್ಲಿ ತೈವಾನ್ ತಂಡವನ್ನು ಬರ್ಮುಡಾ ಬೌಲ್ ಫೈನಲಿಗೆ ಒಯ್ದ ಈ ಪದ್ಧತಿಯಲ್ಲಿ 1 ಕ್ಲಬ್ ಎಂಬ ಬಿಡ್‌ಗೆ ಕ್ಲಬ್, ಅಂದರೆ ಕ್ಲಾವರ್, ಎಲೆಗಳೊಡನೆ ಸಂಬಂಧವಿಲ್ಲ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸಿದರೆ ಕೈಯಲ್ಲಿ 16 ಅಥವಾ ಹೆಚ್ಚು ಅಂಕಗಳಿವೆ ಎಂಬುದಷ್ಟೇ ಅದರ ಅರ್ಥ. ಹನ್ನೊಂದು ವರ್ಷಗಳಲ್ಲಿ ನಮ್ಮ ಟಿಪ್ಪಣಿ ನಲವತ್ತು ಪುಟಗಳಿಗೆ ಬೆಳೆದಿತ್ತು. ವರ್ಷಕ್ಕೊಮ್ಮೆಯೂ ಮೇಜಿನ ಮೇಲೆ ಬಾರದ, ಬಂದಾಗ ಇಬ್ಬರಲ್ಲಿ ಒಬ್ಬರಿಗಾದರೂ ಮರೆತುಹೋಗಿರುವ ಏರ್ಪಾಡುಗಳನ್ನೆಲ್ಲ ತೆಗೆದುಹಾಕಿ ಅದನ್ನು ಹದಿನಾಲ್ಕು ಪುಟಕ್ಕೆ ಇಳಿಸಿದೆವು. ಉಳಿದ ಸಮಯವನ್ನು ಬೇರೆಯವರ ಪದ್ಧತಿಗಳನ್ನು ಎದುರಿಸುವುದಕ್ಕೆ ಮೀಸಲಿಟ್ಟೆವು. ಪೋಲೆಂಡಿನವರ 1 ಕ್ಲಬ್ ನಮ್ಮದಕ್ಕಿಂತ ಬೇರೆ: ಅದು 12ರಿಂದ 14 ಅಂಕದ ಸಮ ಹಂಚಿಕೆಯಾಗಿರಬಹುದು, ಕ್ಲಾವರ್ ಉದ್ದವಿರುವ ಒಳ್ಳೆಯ ಕೈಯಾಗಿರಬಹುದು, ಅಥವಾ ಯಾವುದೇ ಆಕಾರದ 18 ಅಥವಾ ಹೆಚ್ಚು ಅಂಕದ ಕೈಯಾಗಿರಬಹುದು. ಅದೇ ರೀತಿ ಯುರೋಪಿನವರು ಬಹಳವಾಗಿ ಬಳಸುವ ಮಲ್ಟಿ 2 ಡೈಮಂಡ್‌ನಲ್ಲಿ ಡೈಮಂಡ್ ಇರುವುದೇ ಇಲ್ಲವೆನ್ನಬಹುದು. ಹಾರ್ಟ್ ಅಥವಾ ಸ್ಪೇಡ್ ಪೈಕಿ ಯಾವುದೋ ಒಂದರಲ್ಲಿ ಆರು ಎಲೆಗಳಿರುವ ದುರ್ಬಲ ಕೈ ಅದು. ಯಾವುದರಲ್ಲಿ ಎಂಬುದು ಬಿಡ್ ಮಾಡಿದವನಿಗೆ ಮಾತ್ರ ಗೊತ್ತು. ಮೈಸೂರಿನಲ್ಲಿ ಇದನ್ನು ಯಾರೂ ಆಡುವುದಿಲ್ಲ. ಹಾಗಾಗಿ ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ರಾತ್ರಿ ಒಂಬತ್ತಕ್ಕೆ ನಾಲ್ವರೂ ಕೂಡಿ, ಅಕ್ಕ ಮತ್ತು ಅವರ ಯಜಮಾನರು ಬೇಕೆಂದೇ ಮಲ್ಟಿ ಆಡುವುದು, ನಾವು ಅದಕ್ಕೆ ಉತ್ತರಿಸುವುದು ಎಂದು ಅಭ್ಯಾಸ ಮಾಡಿದೆವು. ಆ ಅಭ್ಯಾಸದ ಫಲ ಚೆನ್ನೈಯಲ್ಲಿ ಒಂದೇ ಬೋರ್ಡಿನಲ್ಲಿ ಸಿಕ್ಕಿತು.

ನಮ್ಮಲ್ಲಿ ಯಾರೂ ಅಭ್ಯಾಸ ಮಾಡಲಾಗದಿದ್ದದ್ದು ಪರದೆಯನ್ನು. 1975ರ ಬರ್ಮುಡಾ ಬೌಲ್‌ನಲ್ಲಿ ಮೊದಲ ಬಾರಿಗೆ ಬಳಕೆಗೆ ಬಂದ ಈ ಪರದೆ ಮೇಜಿನ ಮೇಲೆ ಮೂಲೆಯಿಂದ ಮೂಲೆಗೆ ನಿಲ್ಲುತ್ತದೆ. ದಕ್ಷಿಣದಲ್ಲಿ ಕುಳಿತ ನನ್ನ ಕಡೆಗೆ ಪಶ್ಚಿಮದ ಎದುರಾಳಿ ಇರುತ್ತಾರೆ. ಮೇಷ್ಟ್ರು ಆಚೆ ಪೂರ್ವದ ಎದುರಾಳಿಯ ಪಕ್ಕದಲ್ಲಿ. ಹನ್ನೊಂದು ವರ್ಷ ಎದುರಿಗೆ ಕಂಡ ಮುಖ ಬಿಡ್ಡಿಂಗ್ ಮುಗಿಯುವವರೆಗೆ ಕಾಣುವುದಿಲ್ಲ. ಯಾರೂ ಬಾಯಿಬಿಟ್ಟು ಬಿಡ್ ಮಾಡುವುದಿಲ್ಲ. ಪೆಟ್ಟಿಗೆಯಿಂದ ಬಿಡ್‌ನ ಚೀಟಿ ತೆಗೆದು ತಟ್ಟೆಯ ಮೇಲಿಟ್ಟು, ನಮ್ಮ ಕಡೆಯ ಇಬ್ಬರದೂ ಆದ ಮೇಲೆ ಆ ತಟ್ಟೆಯನ್ನು ಪರದೆಯ ಅಡಿಯಿಂದ ಆಚೆಗೆ ಸರಿಸಬೇಕು. ಸರಿಸುವ ಕೆಲಸ ಉತ್ತರ ಮತ್ತು ದಕ್ಷಿಣದವರದೇ. ಬಿಡ್‌ಗೆ ವಿಶೇಷ ಅರ್ಥವಿದ್ದರೆ ನನ್ನ ಬಿಡ್‌ನದ್ದಾಗಲಿ ಮೇಷ್ಟ್ರ ಬಿಡ್‌ನದ್ದಾಗಲಿ, ಪಕ್ಕದ ಎದುರಾಳಿಗೆ ನಾನೇ ಸೂಚಿಸಬೇಕು. ಅವರು ಕಾಗದದಲ್ಲಿ ಪ್ರಶ್ನೆ ಬರೆಯುತ್ತಾರೆ, ನಾನು ಕಾಗದದಲ್ಲೇ ಉತ್ತರ ಬರೆಯಬೇಕು. ಆಚೆ ಬದಿಯಲ್ಲಿ ಮೇಷ್ಟ್ರು ಅದೇ ಬಿಡ್‌ಗಳನ್ನು ತಮ್ಮ ಪಕ್ಕದವರಿಗೆ ಪ್ರತ್ಯೇಕವಾಗಿ ವಿವರಿಸುತ್ತಿರುತ್ತಾರೆ.

ಮೊದಲ ಪಂದ್ಯದಲ್ಲಿ ಇದು ನನ್ನನ್ನು ಎಷ್ಟು ಕಂಗೆಡಿಸಿತೆಂದರೆ, ತಟ್ಟೆ ಆಚೆ ಹೋಗಿ ಮರಳಿ ಬರುವುದು ಅರ್ಧ ನಿಮಿಷ ತಡವಾದರೂ ಮೇಷ್ಟ್ರು ಏನೋ ತೊಡಕಿನಲ್ಲಿದ್ದಾರೆಂದು ಊಹಿಸತೊಡಗಿದೆ. ಆ ಊಹೆಗೆ ಆಧಾರವಿಲ್ಲ. ಯೋಚಿಸುತ್ತಿದ್ದವರು ಎದುರಾಳಿಯೂ ಆಗಿರಬಹುದು, ಪ್ರಶ್ನೆ ಬರೆದು ಉತ್ತರ ಕಾಯುತ್ತಿದ್ದಿರಲೂಬಹುದು. ಎರಡನೆಯ ಪಂದ್ಯದ ಹೊತ್ತಿಗೆ ನನಗೆ ಇದರ ಇನ್ನೊಂದು ಮುಖ ತಿಳಿಯಿತು. ಮನೆಯ ಆಟದಲ್ಲಿ ಜೊತೆಗಾರರ ಹುಬ್ಬು, ಉಸಿರು, ಎಲೆ ಇಡುವ ಬಿರುಸು, ಇವನ್ನೆಲ್ಲ ನಾವು ಬೇಡವೆಂದರೂ ಓದುತ್ತಿರುತ್ತೇವೆ, ಮತ್ತು ಓದಿದ್ದನ್ನು ಬಳಸಬಾರದೆಂಬ ಧರ್ಮಸಂಕಟದಲ್ಲಿ ಒದ್ದಾಡುತ್ತಿರುತ್ತೇವೆ. ಪರದೆ ಆ ಹೊರೆಯನ್ನು ಇಳಿಸುತ್ತದೆ. ಬಿಡ್ ಏನು ಹೇಳುತ್ತದೋ ಅಷ್ಟೇ ಸತ್ಯ. ಅದರ ಮೇಲೆ ತೀರ್ಮಾನ ಮಾಡಿದರಾಯಿತು. ಬ್ರಿಡ್ಜ್ ಅಷ್ಟು ಶುದ್ಧವಾಗಿ ನನಗೆ ಎಂದೂ ಕಂಡಿರಲಿಲ್ಲ.

ಆ ವರ್ಷ ಈ ಶುದ್ಧತೆಗೆ ಬೇರೆ ಅರ್ಥವೂ ಇತ್ತು. ಕೂಟಕ್ಕೆ ಮೊದಲಿನ ಎರಡು ತಿಂಗಳಲ್ಲಿ ಜಗತ್ತಿನ ಹೆಸರಾಂತ ಕೆಲವು ಜೋಡಿಗಳ ಮೇಲೆ, ಬೋರ್ಡನ್ನು ಇಡುವ ಜಾಗ, ಎಲೆಯನ್ನು ಇಡುವ ದಿಕ್ಕು ಮುಂತಾದವುಗಳ ಮೂಲಕ ಸಂಕೇತ ಕಳುಹಿಸುತ್ತಿದ್ದರೆಂಬ ಆರೋಪ ಹಳೆಯ ಪಂದ್ಯಗಳ ವಿಡಿಯೊಗಳನ್ನು ಆಧರಿಸಿ ಬಂದಿತ್ತು. ಇಸ್ರೇಲ್ ಮತ್ತು ಮೊನಾಕೊ ತಂಡಗಳು ಚೆನ್ನೈಗೆ ಬರಲೇ ಇಲ್ಲ. ಆಟದ ಕೋಣೆಯ ಹೊರಗೆ ಕಾಫಿ ಕುಡಿಯುವಾಗ ಎಲ್ಲ ಭಾಷೆಗಳಲ್ಲೂ ಇದೇ ಮಾತು. ಮೊಬೈಲ್ ಒಳಗೆ ತರುವಂತಿರಲಿಲ್ಲ. ನನ್ನ ಹಳೆಯ ಫೋನನ್ನು ದಿನವಿಡೀ ಒಬ್ಬರ ಬಳಿ ಬಿಟ್ಟುಹೋಗುವುದು ಮೊದಲ ದಿನ ಕಿರಿಕಿರಿಯೆನಿಸಿತ್ತು. ಎರಡನೆಯ ದಿನ ಅದೇ ನೆಮ್ಮದಿಯೆನಿಸಿತು. ಈ ಆಟ ನಿಂತಿರುವುದೇ ಒಬ್ಬರು ಇನ್ನೊಬ್ಬರನ್ನು ನಂಬುವುದರ ಮೇಲೆ. ಆ ನಂಬಿಕೆಗೆ ಕಾವಲು ಹಾಕುವ ನಿಯಮಗಳ ಬಗ್ಗೆ ನನಗೆ ಅಂದಿನಿಂದ ಗೌರವವೇ ಇದೆ.

ಮಲ್ಟಿಯ ಬೋರ್ಡ್ ಬಂದದ್ದು ಮೊದಲ ದಿನದ ಮೂರನೆಯ ಪಂದ್ಯದಲ್ಲಿ. ಎದುರಾಳಿಗಳು ವಲ್ನರಬಲ್. ಆಚೆ ಬದಿಯ ಪೂರ್ವದವರು 2 ಡೈಮಂಡ್ ಇಟ್ಟರು. ತಟ್ಟೆ ನನ್ನ ಬಳಿಗೆ ಬಂತು. ನನ್ನಲ್ಲಿ 14 ಅಂಕ, ಸಮ ಹಂಚಿಕೆ, ಸ್ಪೇಡ್‌ನಲ್ಲಿ ಎಕ್ಕ, ರಾಣಿ, 10, 4. ನಮ್ಮ ಒಪ್ಪಂದದಂತೆ ಡಬಲ್, ಅಂದರೆ ಎದುರಾಳಿಯ ಬಿಡ್‌ನ ಲಾಭವನ್ನೂ ದಂಡವನ್ನೂ ಹೆಚ್ಚಿಸುವ ಬಿಡ್, ಹಾಕಿದೆ. ಪಶ್ಚಿಮದವರು 2 ಸ್ಪೇಡ್ ಇಟ್ಟು ನನಗೆ ಕಾಗದದಲ್ಲಿ ಬರೆದುಕೊಟ್ಟರು: ಜೊತೆಗಾರನದು ಸ್ಪೇಡ್ ಆಗಿದ್ದರೆ ಪಾಸ್ ಮಾಡುತ್ತಾನೆ, ಹಾರ್ಟ್ ಆಗಿದ್ದರೆ ಮುಂದೆ ಹೋಗುತ್ತಾನೆ. ತಟ್ಟೆ ಹೋಗಿ ಬಂದಾಗ ಮೇಷ್ಟ್ರ ಡಬಲ್ ಇತ್ತು, ಪೂರ್ವದವರ ಪಾಸ್ ಇತ್ತು. ಮೇಷ್ಟ್ರ ಡಬಲ್ ಬೇರೆ ಸೂಟ್ ಹೆಸರಿಸು ಎಂದು ನನ್ನನ್ನು ಕೇಳುವ ಡಬಲ್. ಅಂದರೆ ಅವರಲ್ಲಿ ಸ್ಪೇಡ್ ಕಡಿಮೆ. ಅಭ್ಯಾಸವಿಲ್ಲದಿದ್ದರೆ ನಾನು ಬೇರೆ ಯಾವುದಾದರೂ ಸೂಟ್ ಹೇಳಿಬಿಡುತ್ತಿದ್ದೆ. ಆದರೆ ನನ್ನ ನಾಲ್ಕು ಸ್ಪೇಡ್‌ಗಳು ಪೂರ್ವದವರ ಉದ್ದ ಸ್ಪೇಡ್‌ಗಳ ಹಿಂದೆಯೇ ಕೂತಿದ್ದವು. ಪಾಸ್ ಮಾಡಿ ಡಬಲನ್ನು ದಂಡವಾಗಿಸಿದೆ. ಅವರು ಎರಡು ಟ್ರಿಕ್ ಕಡಿಮೆ ಬಿದ್ದು ನಮಗೆ 500 ಬಂತು. ಇನ್ನೊಂದು ಕೋಣೆಯಲ್ಲಿ ಅಕ್ಕನವರ ಜೋಡಿಗೆ ಮಲ್ಟಿ ಇಲ್ಲದ್ದರಿಂದ ಅವರು ಪಾಸ್ ಮಾಡಿದ್ದರು. ಎದುರಾಳಿಗಳು 2 ನೋಟ್ರಂಪ್ ಆಡಿ 120 ಪಡೆದಿದ್ದರು. ವ್ಯತ್ಯಾಸ 380, ನಮಗೆ ಒಂಬತ್ತು ಇಂಪ್. ಜೂನ್ ತಿಂಗಳ ರಾತ್ರಿಗಳು ವ್ಯರ್ಥವಾಗಲಿಲ್ಲವೆಂದು ಅಕ್ಕ ಚೀಟಿಯ ಅಂಚಿನಲ್ಲಿ ಬರೆದರು.

ಅದೇ ದಿನ ಸಂಜೆ ನಾವು ತೀರ್ಪುಗಾರರ ಮುಂದೆ ನಿಲ್ಲಬೇಕಾಯಿತು. ನಾನು 1 ಕ್ಲಬ್ ತೆರೆದಿದ್ದೆ, ಎದುರಾಳಿ ನಡುವೆ 1 ಡೈಮಂಡ್ ಹೇಳಿದ್ದರು, ಮೇಷ್ಟ್ರು ಡಬಲ್ ಹಾಕಿದ್ದರು. ಅದರ ಅರ್ಥ 5ರಿಂದ 7 ಅಂಕ ಎಂದು ನಾನು ನನ್ನ ಪಕ್ಕದವರಿಗೆ ಬರೆದುಕೊಟ್ಟೆ. ಅದೇ ಹೊತ್ತಿಗೆ ಆಚೆ ಬದಿಯಲ್ಲಿ ಮೇಷ್ಟ್ರು 8 ಅಂಕ ಅಥವಾ ಹೆಚ್ಚು ಎಂದು ತಮ್ಮ ಪಕ್ಕದವರಿಗೆ ಬರೆದುಕೊಟ್ಟಿದ್ದರು. ಆಟ ಮುಗಿದು ಕಾಗದಗಳನ್ನು ಹೋಲಿಸಿದಾಗ ಎದುರಾಳಿಗಳು ಸಹಜವಾಗಿಯೇ ತೀರ್ಪುಗಾರರನ್ನು ಕರೆದರು. ಅವರು ಸಮಾಧಾನದಿಂದ ಇಬ್ಬರ ಮಾತನ್ನೂ ಕೇಳಿ, ನಮ್ಮ ಟಿಪ್ಪಣಿ ತರಿಸಿ ನೋಡಿದರು. ನನ್ನ ಪ್ರತಿಯಲ್ಲಿ ಒಂದು, ಮೇಷ್ಟ್ರ ಪ್ರತಿಯಲ್ಲಿ ಇನ್ನೊಂದು. ಆಗಸ್ಟ್‌ನಲ್ಲಿ ಬದಲಾಯಿಸಿದ ಆ ಒಂದು ಸಾಲನ್ನು ನಾನು ಹೊಸದಾಗಿ ಮುದ್ರಿಸಿಕೊಂಡಿದ್ದೆ. ಮೇಷ್ಟ್ರ ಕೈಯಲ್ಲಿದ್ದದ್ದು ಜುಲೈ ತಿಂಗಳ ಪ್ರತಿ. ಅಂಕ ಬದಲಾಯಿತು, ನಮಗೆ ಐದು ಇಂಪ್ ಹೋಯಿತು, ಮತ್ತು ಅದು ನ್ಯಾಯವಾಗಿಯೇ ಇತ್ತು. ಪರದೆಯಿಲ್ಲದ ಕ್ಲಬ್ಬಿನಲ್ಲಿ ಒಬ್ಬರು ವಿವರಿಸುವಾಗ ಇನ್ನೊಬ್ಬರು ಕೇಳಿಸಿಕೊಂಡು ಸುಮ್ಮನಾಗುವುದರಿಂದ ಇಂಥ ಬಿರುಕುಗಳು ವರ್ಷಗಟ್ಟಲೆ ಮುಚ್ಚಿಹೋಗಿರುತ್ತವೆ. ಅಂದು ರಾತ್ರಿ ಸೈದಾಪೇಟೆಯ ಲಾಡ್ಜಿನಲ್ಲಿ ಹದಿನಾಲ್ಕು ಪುಟಗಳನ್ನೂ ಸಾಲುಸಾಲಾಗಿ ಓದಿ ಹೋಲಿಸಿ, ಪ್ರತಿ ಪುಟದ ಕೆಳಗೆ ದಿನಾಂಕ ಹಾಕಿದೆವು. ಇನ್ನೂ ಎರಡು ಕಡೆ ವ್ಯತ್ಯಾಸ ಸಿಕ್ಕಿತು.

ಎರಡನೆಯ ದಿನದ ಒಂದು ಬೋರ್ಡ್ ನನ್ನ ಮನಸ್ಸಿನಿಂದ ಈವರೆಗೆ ಇಳಿದಿಲ್ಲ. ನಾನು ದಕ್ಷಿಣದಲ್ಲಿ 3 ನೋಟ್ರಂಪ್ ಆಡುತ್ತಿದ್ದೆ, ನಾವು ವಲ್ನರಬಲ್. ಪಶ್ಚಿಮದವರು ಸ್ಪೇಡ್ ಇಟ್ಟು ಆಟ ಆರಂಭಿಸಿದರು. ಡಮ್ಮಿಯ, ಅಂದರೆ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಿರುವ ಜೊತೆಗಾರರ, ಎಲೆ ತೆರೆದ ಮೇಲೆ ಲೆಕ್ಕ ಹಾಕಿದೆ: ಸ್ಪೇಡ್‌ನಲ್ಲಿ ಮೂರು, ಹಾರ್ಟ್‌ನಲ್ಲಿ ಎರಡು, ಕ್ಲಾವರ್‌ನಲ್ಲಿ ಒಂದು, ಒಟ್ಟು ಆರು. ಒಂಬತ್ತಕ್ಕೆ ಇನ್ನು ಮೂರು ಬೇಕು; ಅವು ಡೈಮಂಡ್‌ನಲ್ಲೇ ಬರಬೇಕು. ನನ್ನ ಕೈಯಲ್ಲಿ ಡೈಮಂಡ್ ಎಕ್ಕ, ಗುಲಾಮ, 7, 5. ಡಮ್ಮಿಯಲ್ಲಿ ರಾಜ, 9, 4, 2. ಎಲ್ಲ ಸೂಟ್‌ಗಳಲ್ಲೂ ತಡೆ ಇದ್ದುದರಿಂದ ಒಂದು ಡೈಮಂಡ್ ಬಿಟ್ಟುಕೊಟ್ಟರೂ ಅಪಾಯವಿರಲಿಲ್ಲ. ನಾನು ಡಮ್ಮಿಯ ರಾಜನನ್ನು ಆಡಿದೆ. ಇಬ್ಬರೂ ಚಿಕ್ಕ ಎಲೆ ಹಾಕಿದರು. ನಂತರ ಡಮ್ಮಿಯಿಂದ ಚಿಕ್ಕದೊಂದನ್ನು ಆಡಿ, ರಾಣಿ ಪೂರ್ವದಲ್ಲಿದೆಯೆಂಬ ಆಸೆಯಿಂದ ಗುಲಾಮನನ್ನು ಹಾಕಬೇಕೆಂದುಕೊಂಡೆ. ಪೂರ್ವದವರು ಡೈಮಂಡ್ ಹಾಕಲೇ ಇಲ್ಲ, ಹಾರ್ಟ್ ಒಂದನ್ನು ಎಸೆದರು. ಪಶ್ಚಿಮದಲ್ಲಿ ರಾಣಿ, 10, 8, 3 ನಾಲ್ಕೂ ಇದ್ದವು. ಆ ಕ್ಷಣದಲ್ಲಿ ಏನು ಮಾಡಿದರೂ ಎರಡೇ ಡೈಮಂಡ್ ಟ್ರಿಕ್. ಒಟ್ಟು ಎಂಟು, ಒಂದು ಕಡಿಮೆ.

ಸರಿಯಾದ ಆಟ ನನಗೆ ಗೊತ್ತಿರಲಿಲ್ಲವೆಂದಲ್ಲ. ಮೊದಲು ನನ್ನ ಎಕ್ಕ ಆಡಬೇಕಿತ್ತು. ಅನಂತರ ನನ್ನ ಕೈಯಿಂದ ಚಿಕ್ಕದನ್ನು ಡಮ್ಮಿಯ ಕಡೆಗೆ ಆಡಿ, ಪಶ್ಚಿಮದವರು ಚಿಕ್ಕದು ಹಾಕಿದರೆ ಡಮ್ಮಿಯ 9 ಹಾಕಬೇಕಿತ್ತು. ಎಲೆಗಳು ಮೂರು–ಎರಡಾಗಿ ಹಂಚಿದ್ದರೆ 9 ಸೋತರೂ ಉಳಿದವು ಬೀಳುತ್ತವೆ. ಪಶ್ಚಿಮದಲ್ಲಿ ನಾಲ್ಕಿದ್ದರೆ 9 ಗೆಲ್ಲುತ್ತದೆ. ಪೂರ್ವದಲ್ಲಿ ನಾಲ್ಕಿದ್ದರೆ ಪಶ್ಚಿಮದವರು ಸೂಟ್ ಹಾಕದಿರುವುದು ಕಾಣುತ್ತದೆ, ರಾಜನನ್ನು ಹಾಕಿ ಮತ್ತೆ ಗುಲಾಮನ ಕಡೆಗೆ ಆಡಿದರಾಯಿತು. ಮೂರು ಟ್ರಿಕ್ ಕಟ್ಟಿಟ್ಟದ್ದು. ನಾನೇ ಇದನ್ನು ಕ್ಲಬ್ಬಿನಲ್ಲಿ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಆದರೆ ಇಪ್ಪತ್ತು ವರ್ಷ ಜೋಡಿ ಸ್ಪರ್ಧೆಯಲ್ಲಿ ನಾಲ್ಕನೆಯ ಟ್ರಿಕ್‌ಗಾಗಿ ಬೆವರು ಹರಿಸಿದ ಕೈ, ಎಷ್ಟು ಬೇಕೆಂದು ಕೇಳುವ ಮೊದಲೇ ಎಷ್ಟು ಸಿಕ್ಕೀತೆಂದು ನೋಡಿತು. ಗೆದ್ದಿದ್ದರೆ ಸಿಗುತ್ತಿದ್ದದ್ದು ಹೆಚ್ಚುವರಿ ಟ್ರಿಕ್‌ನ ಒಂದು ಇಂಪ್. ಇನ್ನೊಂದು ಕೋಣೆಯಲ್ಲಿ ನನ್ನ ಜಾಗದಲ್ಲಿದ್ದ ಎದುರಾಳಿ ಎಕ್ಕದಿಂದ ಆರಂಭಿಸಿ 600 ಪಡೆದಿದ್ದರು. ನಮ್ಮದು ಮೈನಸ್ 100. ವ್ಯತ್ಯಾಸ 700, ಹನ್ನೆರಡು ಇಂಪ್. ಹತ್ತು ಬೋರ್ಡುಗಳ ಆ ಪಂದ್ಯವನ್ನು ನಾವು ಸೋತದ್ದು ಒಂಬತ್ತು ಇಂಪ್ ಅಂತರದಿಂದ.

ತಂಡದ ಆಟದ ಅತಿ ಕಷ್ಟದ ಗಳಿಗೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಅಂಕ ಹೋಲಿಸುವ ಗಳಿಗೆಯನ್ನೇ. ಇನ್ನೊಂದು ಕೋಣೆಯವರು ತಾವು ಆಡಿದ್ದನ್ನು ಹೊತ್ತು ಬರುತ್ತಾರೆ. ಒಬ್ಬರು ಬೋರ್ಡಿನ ಸಂಖ್ಯೆ ಓದುತ್ತಾರೆ, ಎರಡೂ ಕಡೆಯವರು ತಮ್ಮ ಅಂಕ ಹೇಳುತ್ತಾರೆ. ಅಕ್ಕ ಮತ್ತು ಅವರ ಯಜಮಾನರು ಆ ಪಂದ್ಯವನ್ನು ಬಹಳ ಚೆನ್ನಾಗಿ ಆಡಿದ್ದರು. ಎದುರಾಳಿಯ 4 ಸ್ಪೇಡನ್ನು ಕೆಡವಿ ಬಂದಿದ್ದರು. ಆ ಬೋರ್ಡಿನ ಸಂಖ್ಯೆ ಬಂದಾಗ ಅಕ್ಕ ಮೈನಸ್ 600 ಎಂದರು, ಎದುರಾಳಿ ಅಷ್ಟೇ ಪಡೆಯಬಹುದಾದದ್ದು ಎಂಬ ನಂಬಿಕೆಯಿಂದ. ನಾನು ಮೈನಸ್ 100 ಎಂದೆ. ಯಾರೂ ಏನೂ ಹೇಳಲಿಲ್ಲ. ಅದು ನಾವು ಮೊದಲೇ ಮಾಡಿಕೊಂಡಿದ್ದ ಕಟ್ಟುಪಾಡು: ಪಂದ್ಯಗಳ ನಡುವೆ ಆಟದ ವಿಮರ್ಶೆಯಿಲ್ಲ, ಊಟವಾದ ಮೇಲೆ, ಅದೂ ಬಿಡ್‌ಗಳ ಅರ್ಥದ ಬಗ್ಗೆ ಗೊಂದಲವಾಗಿದ್ದರೆ ಮಾತ್ರ, ಪುಸ್ತಕದಲ್ಲಿ ಒಂದು ಸಾಲು. ನಾನು ತಡೆಯಲಾರದೆ, “ಮೇಷ್ಟ್ರೇ, ಎಕ್ಕ ಮೊದಲು ಆಡಬೇಕಿತ್ತು” ಎಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, “ಬನ್ನಿ, ಮೊಸರನ್ನ ತಣ್ಣಗಿದೆ, ಮುಂದಿನ ಪಂದ್ಯಕ್ಕೆ ಇಪ್ಪತ್ತು ನಿಮಿಷ ಇದೆ” ಎಂದರು. ಅಕ್ಕ ಉಪ್ಪಿನಕಾಯಿಯ ಡಬ್ಬಿ ತೆಗೆದರು. ಆ ಹೊತ್ತಿನಲ್ಲಿ ಒಬ್ಬರು ಒಂದು ಮಾತು ಎತ್ತಿದ್ದರೂ ಮುಂದಿನ ಪಂದ್ಯದಲ್ಲಿ ನಾನು ಮೂರು ತಪ್ಪು ಮಾಡುತ್ತಿದ್ದೆ.

ನಾಲ್ವರೇ ಹೋದದ್ದರ ಬೆಲೆಯನ್ನು ಮೂರನೆಯ ದಿನ ತೆತ್ತೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ಪಂದ್ಯದ ಮೇಲೆ ಪಂದ್ಯ, ನಡುವೆ ಊಟಕ್ಕೊಂದು ಬಿಡುವು. ಪರದೆಯಿದ್ದಾಗ ಪ್ರತಿ ಬೋರ್ಡಿಗೂ ಹೆಚ್ಚು ಸಮಯ ಹಿಡಿಯುತ್ತದೆ, ನಿಗದಿತ ಹೊತ್ತಿನೊಳಗೆ ಮುಗಿಸದಿದ್ದರೆ ದಂಡವಿದೆ. ಅರವತ್ತೊಂಬತ್ತರ ಮೇಷ್ಟ್ರಿಗೆ ಮಧ್ಯಾಹ್ನದ ಹೊತ್ತಿಗೆ ಚಿಕ್ಕ ಎಲೆಗಳ ಲೆಕ್ಕ ತಪ್ಪತೊಡಗಿತು, ನನಗೂ ಅದೇ. ಆರು ಜನರ ತಂಡಗಳು ಪ್ರತಿ ಪಂದ್ಯಕ್ಕೂ ಒಂದು ಜೋಡಿಗೆ ವಿಶ್ರಾಂತಿ ಕೊಡುತ್ತಿದ್ದವು. ನಮಗೆ ಆ ದಾರಿ ಇರಲಿಲ್ಲ. ನಮ್ಮ ಒಟ್ಟು ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಮಧ್ಯಾಹ್ನ ಮೂರರ ನಂತರದ ಪಂದ್ಯಗಳದ್ದು ಎಂದು ಆಮೇಲೆ ಚೀಟಿಗಳನ್ನು ಮುಂದಿಟ್ಟುಕೊಂಡು ಕೂಡಿದಾಗ ತಿಳಿಯಿತು.

ಸಂಜೆಯ ಹೊತ್ತು ಮುಖ್ಯ ಸ್ಪರ್ಧೆಯ ಪಂದ್ಯಗಳನ್ನು ದೊಡ್ಡ ಪರದೆಯ ಮೇಲೆ ವ್ಯಾಖ್ಯಾನದೊಡನೆ ತೋರಿಸುತ್ತಿದ್ದ ಸಭಾಂಗಣಕ್ಕೆ ಹೋಗುತ್ತಿದ್ದೆವು. ಆ ವರ್ಷ ಬರ್ಮುಡಾ ಬೌಲ್ ಫೈನಲಿನಲ್ಲಿ ಪೋಲೆಂಡ್ ಸ್ವೀಡನ್ ತಂಡವನ್ನು ಸೋಲಿಸಿತು. ನಾಲ್ಕು ಕೈಗಳನ್ನೂ ನೋಡುತ್ತ ಕುಳಿತಾಗ ಎಲ್ಲವೂ ಸುಲಭವಾಗಿ ಕಾಣುತ್ತದೆ. ಆದರೂ ನಾನು ಮುಖ್ಯವಾಗಿ ಗಮನಿಸಿದ್ದು ಅವರು ಎಷ್ಟು ಸಾಧಾರಣವಾಗಿ ಆಡುತ್ತಾರೆ ಎಂಬುದನ್ನು. ಹತ್ತರಲ್ಲಿ ಎಂಟು ಬೋರ್ಡುಗಳಲ್ಲಿ ಎರಡು ಕೋಣೆಗಳ ಫಲಿತಾಂಶವೂ ಒಂದೇ. ಬೆರಗುಗೊಳಿಸುವ ಆಟಕ್ಕಿಂತ, ಪಕ್ಕದ ಕೋಣೆಯವರು ತಲೆಕೆಡಿಸಿಕೊಳ್ಳದಂತೆ ಮಾಡುವ ಆಟ. ಪ್ರತಿದಿನ ಬೆಳಿಗ್ಗೆ ಸಿಗುತ್ತಿದ್ದ ಕೂಟದ ಪತ್ರಿಕೆಯನ್ನು ಓದುವಾಗಲೂ ಇದೇ ಕಾಣುತ್ತಿತ್ತು: ದೊಡ್ಡ ತಂಡಗಳು ಗೆದ್ದದ್ದಕ್ಕಿಂತ ಕಳೆದುಕೊಳ್ಳದೆ ಉಳಿಸಿಕೊಂಡ ಬೋರ್ಡುಗಳೇ ಹೆಚ್ಚು.

ಸ್ವಿಸ್ ಪದ್ಧತಿಯಲ್ಲಿ ನಮ್ಮಷ್ಟೇ ಅಂಕವಿರುವ ತಂಡವೇ ಮುಂದಿನ ಪಂದ್ಯಕ್ಕೆ ಎದುರಾಗುವುದರಿಂದ, ಕೊನೆಯ ದಿನದ ಹೊತ್ತಿಗೆ ನಾವು ನಮ್ಮ ಮಟ್ಟದವರ ನಡುವೆ ಬಂದು ನಿಂತಿದ್ದೆವು. ಮುಂದಿನ ಸುತ್ತಿನ ಆಸೆ ಇರಲಿಲ್ಲ. ಕೊನೆಯ ಪಂದ್ಯದ ಎಂಟನೆಯ ಬೋರ್ಡಿನಲ್ಲಿ ಮೇಷ್ಟ್ರು 1 ನೋಟ್ರಂಪ್ ತೆರೆದರು; ನಮ್ಮ ಪದ್ಧತಿಯಲ್ಲಿ ಅದು 13ರಿಂದ 15 ಅಂಕ. ನನ್ನಲ್ಲಿ 10 ಅಂಕ, ಐದು ಕ್ಲಾವರ್, ನಾವು ವಲ್ನರಬಲ್. ಮೈಸೂರಿನಲ್ಲಾಗಿದ್ದರೆ 2 ನೋಟ್ರಂಪ್ ಹೇಳಿ ತೀರ್ಮಾನವನ್ನು ಮೇಷ್ಟ್ರಿಗೆ ಬಿಡುತ್ತಿದ್ದೆ. ಗೋಡೆಯ ಮೇಲಿನ ಕ್ಯಾಲೆಂಡರ್ ನೆನಪಾಯಿತು. 3 ನೋಟ್ರಂಪಿನ ಚೀಟಿ ಇಟ್ಟು ತಟ್ಟೆ ಸರಿಸಿದೆ. ಪೂರ್ವದವರು ಮೊದಲ ಎಲೆ ಹಾಕಿದ ಮೇಲೆ ಪರದೆಯ ನಡುವಿನ ಪುಟ್ಟ ಬಾಗಿಲು ತೆರೆಯಿತು, ನಾನು ಡಮ್ಮಿಯಾಗಿ ಎಲೆಗಳನ್ನು ಹರಡಿದೆ. ಕಿಂಡಿಯಿಂದ ಮೇಷ್ಟ್ರ ಬೆರಳುಗಳು ಮಾತ್ರ ಕಾಣುತ್ತಿದ್ದವು. ಮೇಷ್ಟ್ರು ಎರಡು ನಿಮಿಷ ಏನನ್ನೂ ಆಡಲಿಲ್ಲ. ಆಮೇಲೆ ಒಂದೊಂದೇ ಎಲೆ, ಅವಸರವಿಲ್ಲದೆ. ಎಲ್ಲವೂ ಕ್ಲಾವರ್ ರಾಜ ಎಲ್ಲಿದೆ ಎಂಬುದರ ಮೇಲೆ ನಿಂತಿತ್ತು, ಅದು ನಮಗೆ ಬೇಕಾದ ಕಡೆಯೇ ಇತ್ತು.

ಅಂಕ ಹೋಲಿಸುವಾಗ ಆ ಬೋರ್ಡಿನ ಸಂಖ್ಯೆ ಬಂತು. ಅಕ್ಕ, “ಮೈನಸ್ ನೂರೈವತ್ತು” ಎಂದರು; ಅವರ ಮೇಜಿನಲ್ಲಿ ಎದುರಾಳಿಗಳು 2 ನೋಟ್ರಂಪ್‌ಗೇ ನಿಂತಿದ್ದರು. ಮೇಷ್ಟ್ರು, “ಪ್ಲಸ್ ಆರುನೂರು” ಎಂದರು. ಅಕ್ಕನ ಯಜಮಾನರು ಕೋಷ್ಟಕ ನೋಡದೆಯೇ ಹತ್ತು ಎಂದು ಬರೆದರು. ಆ ಪಂದ್ಯವನ್ನು ಏಳು ಇಂಪ್‌ಗಳಿಂದ ಗೆದ್ದು, ಪಟ್ಟಿಯ ನಡುವಿಗಿಂತ ಸ್ವಲ್ಪ ಕೆಳಗೆ ನಮ್ಮ ಕೂಟ ಮುಗಿಯಿತು.

ಬಂದ ಮೇಲೆ ನಾವು ಮೂರು ಬದಲಾವಣೆ ಮಾಡಿದ್ದೇವೆ. ಟಿಪ್ಪಣಿಗಳಿಗೆ ದಿನಾಂಕವಿದೆ, ಹಳೆಯ ಪ್ರತಿಯನ್ನು ಹರಿದು ಹಾಕುತ್ತೇವೆ. ದೂರದ ಕೂಟಕ್ಕೆ ಆರು ಜನರಿಲ್ಲದೆ ಹೆಸರು ಕೊಡುವುದಿಲ್ಲ. ಕ್ಲಬ್ಬಿನಲ್ಲಿ ತಿಂಗಳಿಗೊಂದು ಭಾನುವಾರ ಜೋಡಿ ಸ್ಪರ್ಧೆಯ ಬದಲು ತಂಡದ ಆಟ ಇಟ್ಟಿದ್ದೇವೆ. ಎರಡು ಕೋಣೆ, ಎರಡು ಮೇಜು, ಪರದೆಯ ಬದಲಿಗೆ ಬಡಗಿಯಿಂದ ಮಾಡಿಸಿದ ಒಂದು ಪ್ಲೈವುಡ್ ಹಲಗೆ. ಹೊಸದಾಗಿ ಬರುವವರಿಗೆ ಆ ಡೈಮಂಡ್ ಬೋರ್ಡನ್ನು, ಪಶ್ಚಿಮದ ನಾಲ್ಕು ಎಲೆಗಳ ಸಮೇತ, ನಾನೇ ಜೋಡಿಸಿ ಕೊಡುತ್ತೇನೆ. ಎಷ್ಟು ಟ್ರಿಕ್ ಬೇಕೆಂದು ಮಾತ್ರ ಹೇಳುತ್ತೇನೆ. ಉಳಿದದ್ದನ್ನು ಅವರು ಆಡಿ ಮುಗಿಸುವವರೆಗೆ ಪಕ್ಕದಲ್ಲಿ ಕುಳಿತು ನೋಡುತ್ತೇನೆ.